ಮೂರು ತಪ್ಪಿಗೆ ಡ್ಯಾಮೇಜ್

ನಮ್ಮತ್ತೆ ಪಾಸ್ ಮಾಡಿದ ಗಂಡಸು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ಅವಳ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ದರೆ ಅವನ ಅಂಗಿಯ ಎಡತೋಳು ಬಲತೋಳಿಗಿಂತ ಕಾಲಿಂಚು ಉದ್ದ ಎಂಬ ಸತ್ಯ ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು. ಹೆಂಗಸರ ವಿಷಯದಲ್ಲಿ ಅವಳು ಸ್ವಲ್ಪ ಉದಾರಿ. ರಿಜೆಕ್ಟ್ ಮಾಡುವ ಮೊದಲು ಒಂದು ಕಪ್ ಚಹಾ ಕೊಡುತ್ತಾಳೆ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ಅಪ್ಪನ ತಂಗಿ. (ಹೆಂಡತಿಯ ತಾಯಿಯ ಮೇಲೆ ಪ್ರಬಂಧ ಬರೆಯುವಷ್ಟು ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.) ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಇಪ್ಪತ್ತೇಳು ವರ್ಷ ಚೆಕಿಂಗ್ ಟೇಬಲ್ಲಿನ ಹಿಂದೆ ನಿಂತವಳು. ಹೊಲಿಗೆ ಮುಗಿದ ಪ್ಯಾಂಟುಗಳು ಅಲ್ಲಿಗೆ ರಾಶಿರಾಶಿಯಾಗಿ ಬಂದು ಬೀಳುತ್ತಿದ್ದವು. ಒಂದೊಂದನ್ನೇ ಎತ್ತಿ, ಕೊಡವಿ, ಒಳಹೊರಗು ತಿರುವಿ, ಹೊಲಿಗೆಯುದ್ದಕ್ಕೂ ಬೆರಳೋಡಿಸಿ ತೀರ್ಪು ಕೊಡಬೇಕು. ತೀರ್ಪುಗಳು ಮೂರೇ. ತಪ್ಪಿಲ್ಲದಿದ್ದರೆ ಪಾಸ್. ಒಂದೋ ಎರಡೋ ತಪ್ಪಿದ್ದರೆ ಆಲ್ಟರ್, ಅಂದರೆ ತಪ್ಪಿರುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು ಟೈಲರಿಗೆ ವಾಪಸ್. ಮೂರು ತಪ್ಪು ಸಿಕ್ಕರೆ ಡ್ಯಾಮೇಜ್. ಅಂಥದಕ್ಕೆ ರಿಪೇರಿಯಿಲ್ಲ, ಮೂಲೆಯ ಗೋಣಿಚೀಲವೇ ಗತಿ. "ಮೂರು ತಪ್ಪು ಇರೋ ಪೀಸ್ ಬಿಚ್ಚಿ ಹೊಲಿಯಾಕ ಹೋದ್ರ ನಾಕನೇದು ಹುಟ್ಟತೈತಿ" ಎಂಬುದು ಅವಳ ಸಿದ್ಧಾಂತ. ಯೂನಿಟ್ಟಿನ ಮಾಲೀಕರೂ ಈ ತೀರ್ಪಿಗೆ ಎದುರಾಡುತ್ತಿರಲಿಲ್ಲ. ಎದುರಾಡಿದ ಒಬ್ಬ ಸೂಪರ್‌ವೈಸರನ ಬೆನ್ನ ಮೇಲೆ ಮೂರು ಸೀಮೆಸುಣ್ಣದ ಗೆರೆ ಬಿದ್ದು, ಅವನು ಇಡೀ ದಿನ ಗೊತ್ತಿಲ್ಲದೆ ಹಾಗೇ ಓಡಾಡಿದನಂತೆ!

ಕೆಲಸ ಬಿಟ್ಟು ಕುರುಗೋಡಿನ ತನ್ನ ಮನೆಗೆ ಬಂದಾಗ ಟೇಬಲ್ಲನ್ನು ಅಲ್ಲೇ ಬಿಟ್ಟು ಬಂದಳು, ಸೀಮೆಸುಣ್ಣವನ್ನು ಮಾತ್ರ ಬಿಡಲಿಲ್ಲ. ಅಂದಿನಿಂದ ತಾಲ್ಲೂಕಿಗೆ ತಾಲ್ಲೂಕೇ ಅವಳ ಟೇಬಲ್ಲಿನ ಮೇಲೆ ಬಂದು ಬಿದ್ದಿದೆ. ಇಂಥ ಅತ್ತೆ ಕಳೆದ ಶ್ರಾವಣದಲ್ಲಿ ಒಂದು ದಿನ ತನ್ನನ್ನೇ ಎತ್ತಿ, ಕೊಡವಿ, ಒಳಹೊರಗು ತಿರುವಿ ನೋಡಿಕೊಂಡು "ಡ್ಯಾಮೇಜ್" ಎಂದು ತೀರ್ಪು ಕೊಟ್ಟುಕೊಂಡಳು. ಎದೆಯಲ್ಲಿ ಗಂಟು. ಗಂಟಿನಲ್ಲಿ ಕ್ಯಾನ್ಸರ್. ಚಿಕಿತ್ಸೆ ಬೇಡವೇ ಬೇಡ ಎಂದು ಕುಳಿತುಬಿಟ್ಟಳು. ಆ ತೀರ್ಪನ್ನು ತಿದ್ದಿಸುವ ಹೊಣೆ ಯಾರ ತಲೆಗೆ ಬಿತ್ತು? ನೆಗಡಿಯಾದರೆ ಎಲ್‌ಐಸಿ ಪಾಲಿಸಿಯ ನಾಮಿನಿ ಹೆಸರು ಸರಿಯಿದೆಯೇ ಎಂದು ತೆಗೆದು ನೋಡುವ ನನ್ನ ತಲೆಗೆ!

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನನ್ನ ಮನೆ ಬಳ್ಳಾರಿಯಲ್ಲಿ, ಗುಮಾಸ್ತಗಿರಿ ಸಿರುಗುಪ್ಪದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವ ಹೊತ್ತನ್ನು ಚಿಂತೆಗೆಂದೇ ಮೀಸಲಿಟ್ಟಿದ್ದೇನೆ. ಹೋಗುವಾಗ ಹೃದಯದ ಬಗ್ಗೆ, ಬರುವಾಗ ಕಿಡ್ನಿಯ ಬಗ್ಗೆ. ಬಸ್ಸು ಕೆಟ್ಟು ನಿಂತರೆ ಲಿವರಿಗೂ ಸ್ವಲ್ಪ ಸಮಯ ಸಿಗುತ್ತದೆ. ನನ್ನ ಹೆಂಡತಿ ಹೇಳುತ್ತಾಳೆ: "ನಿಮಗ ಒಂದ ಒಂದು ರೋಗ ಬಂದಿಲ್ಲ ನೋಡ್ರಿ, ನೆಮ್ಮದಿ." ಅತ್ತೆಯ ಲೆಕ್ಕದಲ್ಲಿ ನಾನು ಹುಟ್ಟಿದಾಗಿನಿಂದ ಆಲ್ಟರ್. ಎರಡು ತಪ್ಪು ನನ್ನ ಮೈಮೇಲೆ ಕಾಯಂ ಇವೆ: ಅಂಜುಬುರುಕತನ ಮತ್ತು ಅಂಗಿಯನ್ನು ಪ್ಯಾಂಟಿನೊಳಗೆ ಸರಿಯಾಗಿ ಸಿಕ್ಕಿಸದಿರುವುದು. ಮೂರನೆಯದು ಸಿಗದಿರಲೆಂದು ನಲವತ್ತೆಂಟು ವರ್ಷಗಳಿಂದ ಜಾಗ್ರತೆಯಾಗಿ ಬದುಕಿದ್ದೇನೆ.

ಅವಳ ಚೆಕಿಂಗ್ ಎಂಥದೆಂದು ತಿಳಿಯಬೇಕಾದರೆ ಸಿರಿಗೇರಿಯ ಮದುವೆಯ ಕಥೆ ಕೇಳಬೇಕು. ಅಕ್ಷತೆ ಹಾಕಲು ಸಾಲಿನಲ್ಲಿ ನಿಂತ ಅತ್ತೆ ಮದುಮಗನ ಮುಂದೆ ಬಂದವಳೇ ಅಕ್ಷತೆಯನ್ನು ಎಡಗೈಗೆ ವರ್ಗಾಯಿಸಿ, ಬಲಗೈಯಿಂದ ಅವನ ಕೋಟಿನ ಅಂಚು ಹಿಡಿದಳು.

"ಲೇ ತಮ್ಮಾ, ಈ ಕೋಟು ಎಲ್ಲಿ ಹೊಲಿಸಿದಿ?"

"ರೆಡಿಮೇಡ್ ರೀ ಅಮ್ಮಾ."

"ಅದ ಅಂದೆ. ಕಾಲರ್ ಸಿರುಗುಪ್ಪ ಕಡಿ ನೋಡತೈತಿ, ಜೇಬು ಬಳ್ಳಾರಿ ಕಡಿ. ಎರಡು ತಪ್ಪು. ಹೆದರಬ್ಯಾಡ, ಆಲ್ಟರ್ ಆಗತೈತಿ."

ಹೀಗೆಂದು ಎರಡು ಗೆರೆ ಎಳೆದು, ಅಕ್ಷತೆ ಹಾಕಿ, ಊಟಕ್ಕೆ ನಡೆದಳು. ಮದುವೆಯ ವಿಡಿಯೋದಲ್ಲಿ ತಾಳಿಗಿಂತ ಚೆನ್ನಾಗಿ ಹೊಳೆಯುವುದು ಆ ಎರಡು ಗೆರೆಗಳೇ! ವರ್ಷದ ನಂತರ ಆ ಮದುಮಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. "ಅಮ್ಮಾ, ಮೂರನೇ ತಪ್ಪು ಕೋಟಿನ ಒಳಗ ಇತ್ತು ರೀ" ಎಂದಳು. ಅತ್ತೆ ಅವಳ ಕೈಹಿಡಿದು, ನಿಜವಾದ ಪಶ್ಚಾತ್ತಾಪದಿಂದ, "ನಂದ ತಪ್ಪವ್ವಾ, ತಿರುವಿ ನೋಡಬೇಕಿತ್ತು" ಎಂದಳು.

ಇಡೀ ಸೀಮೆಯಲ್ಲಿ ಅವಳಿಂದ ಪಾಸಾದವನು ಒಬ್ಬನೇ: ಕುರುಗೋಡಿನ ಗುಡಿಯ ದೊಡ್ಡ ಬಸವಣ್ಣ. ಯಾಕೆ? "ಒಂದ ಕಲ್ಲಾಗ ಮಾಡ್ಯಾರ. ಹೊಲಿಗಿನ ಇಲ್ಲ. ತಪ್ಪೆಲ್ಲಿಂದ ಬರತೈತಿ?"

ಇನ್ನು ಗಂಟಿನ ವಿಷಯ. ಒಂದು ಮಧ್ಯಾಹ್ನ ಕಚೇರಿಯಲ್ಲಿ ಅರ್ಜಿಗಳಿಗೆ ಸೀಲು ಒತ್ತುತ್ತಿದ್ದೆ. ಅತ್ತೆಯ ಫೋನು.

"ಅಳಿಯಾ, ಸಿರುಗುಪ್ಪದಾಗ ಹೊಸ ಅಕ್ಕಿ ಬಂದಾವಂತ. ಹತ್ತು ಕಿಲೊ ತಾ. ಮತ್ತ ನನ್ನ ಎದಿಯಾಗ ಒಂದು ಗಂಟು ಐತಿ. ಬ್ಯಾಡ, ಐದ ಕಿಲೊ ಸಾಕು, ಹುಳ ಬೀಳತಾವು."

"ಏನಂದಿ ಅತ್ತಿ?"

"ಐದು ಕಿಲೊ."

"ಅದಲ್ಲ, ಗಂಟು!"

"ಹೂಂ, ಗಂಟು. ಬೆರಳಿಗೆ ಹತ್ತತೈತಿ. ಗಟ್ಟಿ ಐತಿ, ಜರುಗಂಗಿಲ್ಲ. ಯುಗಾದಿಗೆ ಸಿಕ್ಕಿತ್ತು."

"ಯುಗಾದಿಗೆ? ಈಗ ನಾಗರ ಪಂಚಮಿ ಬಂತು ಅತ್ತಿ!"

"ಅದಕ ಅಕ್ಕಿ ಬೇಕು ಅಂತ ಹೇಳಿದ್ದು."

ಫೋನು ಇಟ್ಟ ಮೇಲೆ ನೋಡಿಕೊಂಡರೆ, ಅರ್ಜಿಗೆ ಒತ್ತಬೇಕಾದ 'ಸ್ವೀಕರಿಸಲಾಗಿದೆ' ಸೀಲನ್ನು ನನ್ನ ಅಂಗೈಗೆ ಒತ್ತಿಕೊಂಡಿದ್ದೆ. ಸಂಜೆವರೆಗೂ ಅದು ಹೋಗಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ವಾರದ ನಂತರ ಫಲಿತಾಂಶಕ್ಕೆ ಹೋದೆವು. ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಾಯದುರ್ಗದ ಕಡೆಯವರು, ಅವರ ಕನ್ನಡಕ್ಕೆ ತೆಲುಗಿನ ಒಗ್ಗರಣೆ. ನನ್ನನ್ನು ನೋಡಿ, ಪೇಷೆಂಟ್ ನಾನೇ ಎಂದುಕೊಂಡು "ಕೂಡ್ರಿ ಸರ್, ಗಾಬರಿ ಆಗಬ್ಯಾಡ್ರಿ" ಎಂದರು. ಅತ್ತೆ ಅವರ ಬಿಳಿಕೋಟಿನ ಮೂರನೆಯ ಗುಂಡಿಯನ್ನೇ ನೋಡುತ್ತ ಕುಳಿತಿದ್ದಳು. ಕ್ಯಾನ್ಸರ್ ಎಂಬ ಶಬ್ದ ಅವರ ಬಾಯಿಂದ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅತ್ತೆ ಮಾತ್ರ ಮಾಲು ತಡವಾಗಿ ಬಂದಾಗ ಕೇಳುವಂತೆ ಕೇಳಿದಳು:

"ಹೆಂಗ ಆತು ತಾಯಿ? ತಪ್ಪು ಎಲ್ಲಿ ಆಗೈತಿ, ಅದನ್ನ ಹೇಳು."

ಡಾಕ್ಟರ್ ನನ್ನ ಕಡೆ ನೋಡಿದರು. "ಅವರು ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಮಾಡುತ್ತಿದ್ದರು" ಎಂದೆ. ಆ ಹುಡುಗಿಯ ಕಣ್ಣುಗಳು ಮಿನುಗಿದವು. ಅವರ ತಾಯಿಯೂ ಮನೆಯಲ್ಲಿ ಪೀಸ್ ಹೊಲಿದು ಮಗಳನ್ನು ಓದಿಸಿದವರಂತೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮುಂದಿನ ಅರ್ಧ ಗಂಟೆ ನಾನು ಆ ಕೋಣೆಯಲ್ಲಿ ಇದ್ದೂ ಇಲ್ಲದವನಾದೆ.

"ಅಮ್ಮಾ, ಮೈಯೊಳಗ ಜೀವಕೋಶ ಅಂತ ಇರತಾವ್ರಿ, ಕಣ್ಣಿಗೆ ಕಾಣದಷ್ಟು ಸಣ್ಣವು. ಹಳೇವು ಸಾಯತಾವು, ಹೊಸವು ಹುಟ್ಟತಾವು. ಒಂದು ಎರಡಾಗುವಾಗ ಒಳಗಿನ ನಕ್ಷೆ ಕಾಪಿ ಆಗಬೇಕು."

"ಪ್ಯಾಟರ್ನ್."

"ಹಾಂ, ಪ್ಯಾಟರ್ನ್! ಕಾಪಿ ಮಾಡುವಾಗ ಒಮ್ಮೊಮ್ಮೆ ತಪ್ಪು ಬೀಳತಾವು. ವಯಸ್ಸಾದಂಗೆಲ್ಲ ತಪ್ಪು ಗುಡ್ಡೆ ಆಗತಾವು."

"ಆಗೇ ಆಗತಾವು. ಚೆಕರ್ ಇಲ್ಲೇನು ಒಳಗ?"

"ಅದಾನ್ರೀ. ಪ್ರತಿ ಜೀವಕೋಶದಾಗೂ ಒಂದು ಪ್ರೋಟೀನ್ ಇರತೈತಿ, ಅದರ ಕೆಲಸನ ಅದು. ತಪ್ಪು ಕಂಡ್ರ ಮಷಿನ್ ನಿಲ್ಲಸತೈತಿ, ಸರಿ ಮಾಡಸತೈತಿ. ಸರಿ ಆಗಲಿಲ್ಲಂದ್ರ ಆ ಜೀವಕೋಶಕ್ಕ 'ನೀನ ಬಿಚ್ಚಿಕೊಂಡು ಹೋಗು' ಅಂತ ಆರ್ಡರ್ ಮಾಡತೈತಿ. ಅದು ಯಾರಿಗೂ ತ್ರಾಸ ಕೊಡದ ತಾನ ಬಿಚ್ಚಿಕೊಂಡು ಮಾಯ ಆಗತೈತಿ."

ಅತ್ತೆ ನನ್ನ ಕಡೆ ತಿರುಗಿದಳು. "ನೋಡಲೇ, ಎಷ್ಟು ಮರ್ಯಾದಿ ಐತಿ ಅದಕ್ಕ! ನಿಮ್ಮ ಆಫೀಸಿನಾಗ ತಪ್ಪು ಮಾಡಿದವರು ಪ್ರಮೋಷನ್ ತಗೊಂತಾರ."

"ಆದ್ರ ಅಮ್ಮಾ, ನಿಮ್ಮ ಗಂಟಿನಾಗ ಆ ಚೆಕರ್ ಕೆಟ್ಟಾನ. ಅವನ ಪ್ಯಾಟರ್ನಿನಾಗನ ತಪ್ಪು ಬಿದ್ದೈತಿ."

ಅತ್ತೆಯ ಮುಖ ಕೆಂಪಾಯಿತು. ಕ್ಯಾನ್ಸರ್ ಎಂದಾಗ ಅಲುಗದವಳು ಈಗ ಎದ್ದು ನಿಂತಳು.

"ಇಪ್ಪತ್ತೇಳು ವರ್ಷ! ಒಂದು ಪೀಸ್ ಬಿಟ್ಟಿಲ್ಲ ನಾನು! ಜ್ವರ ಬಂದಾಗ ಬಿಟ್ಟಿಲ್ಲ, ಗಂಡ ಸತ್ತ ಹನ್ನೊಂದನೇ ದಿನಕ್ಕ ಟೇಬಲ್ಲಿಗೆ ಬಂದು ನಿಂತೀನಿ. ನನ್ನ ಮೈಯಾಗ ಇರೋ ಚೆಕರ್ ಚಾ ಕುಡಿಯಾಕ ಹೋಗಿದ್ನೇನು?"

ಡಾಕ್ಟರ್ ನಗು ತಡೆದುಕೊಂಡು ಮುಂದುವರಿದರು. ಬೆಳೆಯಬೇಕೋ ಬೇಡವೋ ಎಂಬ ಅಪ್ಪಣೆಯನ್ನು ಕೇಳಿಸಿಕೊಳ್ಳಲು ಜೀವಕೋಶದ ಮೈಮೇಲೆ ಕಿವಿಗಳಂಥವು ಇರುತ್ತವಂತೆ. ಅತ್ತೆಯ ಗಂಟಿನ ಜೀವಕೋಶಗಳ ಮೇಲೆ ಈ ಕಿವಿಗಳು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಯಾರೂ ಏನೂ ಹೇಳದಿದ್ದರೂ ಅವಕ್ಕೆ 'ಬೆಳಿ, ಬೆಳಿ' ಎಂದೇ ಕೇಳಿಸುತ್ತದೆ.

"ಮಷಿನ್ ಪೆಡಲ್ ಕೆಳಗ ಸಿಕ್ಕಾಕ್ಕೊಂಡಂಗ" ಎಂದಳು ಅತ್ತೆ. "ಕಾಲು ತೆಗದ್ರೂ ಓಡತೈತಿ."

"ಕರೆಕ್ಟ್ ಅಮ್ಮಾ! ಇನ್ನೊಂದು ಐತ್ರೀ. ರಕ್ತದಾಗ ಪೊಲೀಸ್ರಿದ್ದಂಗ ಬಿಳಿ ಕಣ ಓಡಾಡತಾವು, ಕೆಟ್ಟ ಜೀವಕೋಶ ಕಂಡ್ರ ಹೊಡಿಯಾಕ. ಇವು ಏನು ಮಾಡತಾವು ಅಂದ್ರ, ಮೈಮ್ಯಾಲ 'ನಾನು ಒಳ್ಳೇದು' ಅಂತ ಗುರುತು ಹಚ್ಚಿಕೊಂಡು ತಪ್ಪಿಸಿಕೊಂತಾವು."

"ಡುಪ್ಲಿಕೇಟ್ ಪಾಸ್ ಸ್ಟಿಕ್ಕರ್!" ಅತ್ತೆ ಮೇಜಿಗೆ ಗುದ್ದಿದ ರಭಸಕ್ಕೆ ಡಾಕ್ಟರರ ಪೆನ್ನು ಉರುಳಿ ಬಿತ್ತು. ಪಕ್ಕದ ಕೋಣೆಯಿಂದ ನರ್ಸ್ ಓಡಿ ಬಂದರು. "ಹಾಳಾಗಿ ಹೋಗ್ಲಿ! ಕಳ್ಳತನ ಅಂದ್ರ ಇದು!" ಎಂದಳು ಅತ್ತೆ.

ಗಂಟು ತನಗೆ ಬೇಕಾದ ರಕ್ತಕ್ಕೆ ತಾನೇ ಹೊಸ ನಾಳ ಎಳೆದುಕೊಳ್ಳುತ್ತದೆ ಎಂದು ಡಾಕ್ಟರ್ ಹೇಳಿದಾಗ ಮಾತ್ರ ಅವಳಿಗೆ ಆಶ್ಚರ್ಯವಾಗಲಿಲ್ಲ. "ಕಾಲುವಿಗೆ ಕಳ್ಳ ಪೈಪು. ಅದು ನಮ್ಮ ಕಡಿ ಎಲ್ಲರೂ ಮಾಡತಾರ" ಎಂದಳು. ಇಷ್ಟು ಹೊತ್ತಿಗೆ ನನ್ನ ಸ್ಥಿತಿ? ನನ್ನ ಒಳಗಿನ ಚೆಕರ್ ಈ ಕ್ಷಣ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಕತ್ತಿನ ಎರಡೂ ಬದಿ ಒತ್ತಿಕೊಂಡು ನೋಡುತ್ತಿದ್ದೆ. ನಮ್ಮ ಇಲಾಖೆಯವನಾಗಿದ್ದರೆ ರಜೆಯಲ್ಲಿರುತ್ತಾನೆ.

ಎಲ್ಲ ಕೇಳಿಸಿಕೊಂಡ ಅತ್ತೆ ಸೆರಗು ಸರಿಮಾಡಿಕೊಂಡಳು. "ಭಾಳ ಚೊಲೊ ಹೇಳಿದಿ ತಾಯಿ. ನಿನ್ನಷ್ಟು ಬಿಡಿಸಿ ಯಾರೂ ಹೇಳಿದ್ದಿಲ್ಲ. ಒಂದು, ಚೆಕರ್ ಕೆಟ್ಟಾನ. ಎರಡು, ಪೆಡಲ್ ಸಿಕ್ಕಾಕ್ಕೊಂಡೈತಿ. ಮೂರು, ಡುಪ್ಲಿಕೇಟ್ ಸ್ಟಿಕ್ಕರ್. ಮೂರಾತಲ್ಲ? ಡ್ಯಾಮೇಜ್. ನಡಿ ಅಳಿಯಾ, ಹನ್ನೆರಡರ ಬಸ್ ಐತಿ."

ಡಾಕ್ಟರ್ ಬಾಯಿ ತೆರೆದುಕೊಂಡು ಕುಳಿತರು. ಪಾಪ, ಅಷ್ಟು ಚೆನ್ನಾಗಿ ಪಾಠ ಹೇಳಬಾರದಿತ್ತು!

ಕುರುಗೋಡಿಗೆ ಹೋದವಳು ಸುಮ್ಮನೆ ಕುಳಿತಳೇ? ಚಿಕಿತ್ಸೆ ಬೇಡ ಎಂದಳೇ ಹೊರತು ಪಾಠವನ್ನು ವ್ಯರ್ಥ ಮಾಡಲಿಲ್ಲ. ಓಣಿಯ ನಲ್ಲಿಯ ಮುಂದೆ ಕೊಡಗಳ ಜೊತೆ ಕ್ಯಾನ್ಸರಿನ ಕ್ಲಾಸೂ ಶುರುವಾಯಿತು. ವಾರದೊಳಗೆ ಓಣಿಯ ಹೆಂಗಸರು ಜೀವಕೋಶದ ಬಗ್ಗೆ ಪಕ್ಕದ ಮನೆಯ ಸೊಸೆಯ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಮಾತಾಡತೊಡಗಿದರು. ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತಿದ್ದವನ ಎದುರು ನಿಂತು, "ಲೇ, ನೀನು ಹೊಗಿ ಬಿಡಾಕ್ಹತ್ತಿಲ್ಲ, ನಿನ್ನ ಪ್ಯಾಟರ್ನ್ ಮ್ಯಾಲ ಕೆಂಡ ಇಡಾಕ್ಹತ್ತೀ" ಎಂದಳು. ಅವನು ಹೆದರಿ ಬೀಡಿ ಎಸೆದ. ಮರುದಿನದಿಂದ ಬೀಡಿ ಬಿಡಲಿಲ್ಲ, ಬಸ್‌ಸ್ಟ್ಯಾಂಡ್ ಬಿಟ್ಟ.

ಸುದ್ದಿ ತಿಳಿದು ನೆಂಟರು ಬಂದರು. ಬರಿಗೈಯಲ್ಲಿ ಯಾರೂ ಬರಲಿಲ್ಲ, ಒಬ್ಬೊಬ್ಬರೂ ಒಂದೊಂದು ಔಷಧಿ ತಂದರು. ಒಬ್ಬರು ಯಾವುದೋ ಎಲೆ, ಒಬ್ಬರು ಯಾವುದೋ ಬೇರು, ಇನ್ನೊಬ್ಬರು ಮೊಬೈಲಿನಲ್ಲಿ ಬಂದ ಒಂದು ಸಂದೇಶ. ಅತ್ತೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು: "ಈ ಎಲಿ ಹೋಗಿ ಪೆಡಲ್ ಬಿಡಸತೈತೋ, ಚೆಕರ್‌ನ ಎಬ್ಬಸತೈತೋ? ಯಾವುದು ಹೇಳು." ಎಲೆ ತಂದವರು ಎಲೆಯೊಂದಿಗೇ ವಾಪಸಾದರು. ಕೊನೆಗೆ ಬಂದ ದೂರದ ಸಂಬಂಧಿಯೊಬ್ಬಳು ದನಿ ತಗ್ಗಿಸಿ, "ಹಿಂದಿನ ಜನ್ಮದಾಗ ಏನು ಪಾಪ ಮಾಡಿದ್ದೇನೋ ತಾಯಿ" ಎಂದಳು. ಅತ್ತೆ ಅವಳಿಗೆ ಚಹಾ ಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ಕಾದಳು. ಆಮೇಲೆ ಹೇಳಿದಳು:

"ಪಾಪ ಮಾಡಿದವರಿಗೆ ಬರೋ ರೋಗ ಆಗಿದ್ರ ಬಳ್ಳಾರಿಯಾಗ ಗುಡ್ಡ ತಿಂದವರಿಗೆ ಬರಬೇಕಿತ್ತು. ಅವರು ನೋಡು, ಹೆಂಗ ಅದಾರ, ಗುಂಡಕಲ್ಲಿನಂಗ! ಇದು ಕಾಪಿ ಮಾಡುವಾಗ ಆಗೋ ತಪ್ಪು. ಯಾರ ಮಷಿನ್ನಿನಾಗ ಬೇಕಾದ್ರೂ ಆಗತೈತಿ. ನಿನ್ನದ್ರಾಗೂ. ಏಳು ಮ್ಯಾಲ, ಸೆರಗು ಉಲ್ಟಾ ಐತಿ."

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ತನ್ನ ವಿಷಯ ಬಂದಾಗ ಕಲ್ಲು. ಪ್ರತಿ ಭಾನುವಾರ ಹೋಗುತ್ತಿದ್ದೆ. ದಿನಗಳು ಹೋಗುತ್ತಿದ್ದವು, ಗಂಟು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ನಾನು ಎಂದಿನಂತೆ ಕಾಗದದ ಮೊರೆಹೋದೆ. ಚಿಕಿತ್ಸೆಯ ಪರವಾದ ಅಂಶಗಳನ್ನೆಲ್ಲ ಬರೆದು, ಪುಟಸಂಖ್ಯೆ ಹಾಕಿ, ಕಚೇರಿಯ ಪದ್ಧತಿಯಂತೆ ಟ್ಯಾಗ್ ಕಟ್ಟಿ ಒಂದು ಫೈಲು ಮಾಡಿಕೊಂಡು ಹೋದೆ. ಅತ್ತೆ ಅದನ್ನು ತಿರುವಿ ನೋಡಿದಳು.

"ಟ್ಯಾಗ್ ಓರೆ ಹಾಕೀದಿ."

"ಅತ್ತಿ, ನಿನ್ನ ಕಾಲು ಬೀಳತೀನಿ. ಆ ಕಿವಿ ಮುಚ್ಚೋ ಔಷಧ ಐತಂತ. ಮೂರು ವಾರಕ್ಕೊಮ್ಮೆ ಸೂಜಿ. ಹೋಗಿ ಆ ಕಿವಿಗೆ ಅಂಟಿಕೊಂಡು 'ಬೆಳಿ' ಅನ್ನೋದು ಕೇಳದಂಗ ಮಾಡತೈತಂತ. ಎಲ್ಲರಿಗೂ ಅದು ಹತ್ತಂಗಿಲ್ಲ, ನಿನ್ನ ಗಂಟಿಗೆ ಹತ್ತತೈತಿ ಅಂತ ರಿಪೋರ್ಟಿನಾಗ ಬಂದೈತಿ. ಕೇಳಿಸಿಕೊಂಡೀಯಿಲ್ಲ?"

"ಕೇಳಿಸಿಕೊಂಡೀನಿ. ಮೂರು ತಪ್ಪು, ಅರವತ್ತೊಂದು ವರ್ಷದ ಬಟ್ಟಿ. ಬಿಚ್ಚಿ ಹೊಲಿಯಾಕ ಕುಂತ್ರ ನಿನ್ನ ರಜಾ ದಂಡ, ಆ ಡಾಕ್ಟರ್ ಹುಡುಗಿ ಕಷ್ಟ ದಂಡ. ನಾ ಯಾರ ಪೀಸಿಗೂ ರಿಯಾಯಿತಿ ಕೊಟ್ಟಿಲ್ಲ. ನನಗ ನಾ ಕೊಟ್ಟುಕೊಂಡ್ರ ಏನು ಬೆಲಿ ಉಳಿತು?"

"ನನಗ ಚಿಂತಿ ಹತ್ತಿ ಸಾಯತೀನಿ ಅತ್ತಿ!"

"ಸಾಯಿ. ನಿನಗ ಅದೊಂದ ಕೆಲಸ ಬಾಕಿ ಉಳಿದೈತಿ."

ಈ ನ್ಯಾಯನಿಷ್ಠೆಗೆ ಏನೆನ್ನಬೇಕು? ಜೀವ ಹೋದರೂ ಸರಿ, ರೂಲ್ಸ್ ಹೋಗಬಾರದು! ನನ್ನ ಕಚೇರಿಯಲ್ಲಿ ರೂಲ್ಸ್ ಎಂಬುದಕ್ಕೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿಲ್ಲ. ಕಂಡಿದ್ದರೆ ವರ್ಗ ಮಾಡಿಸಿರುತ್ತಿದ್ದೆವು.

ಕೊನೆಗೆ ಕೆಲಸ ಆದದ್ದು ನನ್ನ ಫೈಲಿನಿಂದಲ್ಲ, ನನ್ನ ಹೆಂಡತಿಯ ಒಂದು ಮಾತಿನಿಂದ. ಆ ಭಾನುವಾರ ಅವಳೂ ಬಂದಿದ್ದಳು. ರೊಟ್ಟಿ ಬಡಿಯುತ್ತ, ಕತ್ತೆತ್ತದೆ ಕೇಳಿದಳು:

"ಅತ್ತಿ, ನೀವು ಪೀಸ್ ನೋಡೀರೇನು?"

"ಯಾವ ಪೀಸವ್ವಾ?"

"ಅದ ರೀ, ನಿಮ್ಮ ಗಂಟಿನ ಚೂರು. ಡಾಕ್ಟರ್ ಬಾಯಾಗ ಕೇಳಿ ಡ್ಯಾಮೇಜ್ ಅಂದ್ರಲ್ಲ, ಕಣ್ಣೀಲೆ ನೋಡದ ಚೀಲಕ್ಕ ಹಾಕಿದ್ದು ಇದ ಮೊದಲ ಸಲ ಇರಬೇಕು."

ಅತ್ತೆಯ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ನಿಂತಿತು. ಆಮೇಲೆ ಮೆಲ್ಲಗೆ, "ಇಲ್ಲವ್ವಾ, ನೋಡಿಲ್ಲ" ಎಂದಳು. ಸಿರಿಗೇರಿಯ ಕೋಟು ಬಿಟ್ಟರೆ ನಮ್ಮತ್ತೆಯ ಕೆಲಸದಲ್ಲಿ ಮೊದಲ ಬಾರಿಗೆ ಒಂದು ತಪ್ಪು ಸಿಕ್ಕಿತ್ತು. ಹಿಡಿದವಳು ಹಿಟ್ಟಿನ ಕೈಯವಳು. ಮದುವೆಯಾದ ಹದಿನೆಂಟು ವರ್ಷ ಈ ಹೆಂಗಸಿಗೆ ನಾನು ಮನೆಯ ಬೀಗದ ಕೈ ಸಹ ನಂಬಿ ಕೊಟ್ಟಿರಲಿಲ್ಲ, ಕಳೆದುಬಿಡುತ್ತಾಳೆ ಎಂದು!

ಮರುದಿನ ಬೆಳಗಿನ ಬಸ್ಸಿಗೆ ಅತ್ತೆ ಆಸ್ಪತ್ರೆಯ ಬಾಗಿಲಲ್ಲಿದ್ದಳು. "ತಾಯಿ, ನನ್ನ ಪೀಸ್ ತೋರಿಸು." ಡಾಕ್ಟರ್ ಲ್ಯಾಬಿನವರನ್ನು ಒಪ್ಪಿಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ನಾನು ಬಗ್ಗಿ ನೋಡಿದೆ. ಉದ್ದುದ್ದ ಕಪ್ಪು ಗೆರೆಗಳು, ನಾನು ಉಸಿರಾಡಿದಾಗಲೆಲ್ಲ ಅಲುಗುತ್ತಿದ್ದವು. "ಅಯ್ಯೋ, ಇಷ್ಟು ಹಬ್ಬಿದೆಯಾ!" ಎಂದು ಚೀರಿದೆ.

"ಅವು ನಿಮ್ಮ ರೆಪ್ಪೆ ಕೂದಲು ಸರ್" ಎಂದರು ಲ್ಯಾಬಿನವರು.

ಅತ್ತೆ ಕುಳಿತಳು. ಗಾಜಿನ ಚೂರನ್ನು ಅವರು ಮೆಲ್ಲಗೆ ಸರಿಸುತ್ತ ಹೋದಂತೆ ಅವಳು ಕಣ್ಣು ಕೀಲಿಸಿ ನೋಡಿದಳು. ಹದಿನೈದು ನಿಮಿಷ ಏಳಲಿಲ್ಲ. ನಡುನಡುವೆ ಗೊಣಗು ಮಾತ್ರ ಕೇಳಿಸುತ್ತಿತ್ತು. "ಒಂದು ದೊಡ್ಡದು, ಒಂದು ಸಣ್ಣದು... ಸಾಲಿಲ್ಲ, ಅಂಚಿಲ್ಲ... ಥೂ, ಒಂದರ ಮ್ಯಾಲ ಒಂದು ಹತ್ಯಾವು... ಕಂದು ಬಣ್ಣ ಹಚ್ಚಿದ್ದು ಕಿವೀನಾ ತಾಯಿ? ಮೈಯೆಲ್ಲ ಕಿವಿ ಆಗೈತಲ್ಲ!" ಆಮೇಲೆ ಒಮ್ಮೆಲೇ ಗೊಣಗು ನಿಂತಿತು.

"ಇಲ್ಲೇ ನಿಲ್ಲಸ್ರಿ. ಈ ಬಾಜೂಕ ಇವು ಯಾವು? ದುಂಡಗ ಕುಂತಾವಲ್ಲ, ಉಂಗುರದಂಗ."

ಡಾಕ್ಟರ್ ಇನ್ನೊಂದು ಬದಿಯಿಂದ ನೋಡಿದರು. "ಅವು ನಿಮ್ಮ ಒಳ್ಳೆ ಜೀವಕೋಶ ಅಮ್ಮಾ. ಸೂಜಿಯಾಗ ಅವೂ ಒಂದಿಷ್ಟು ಬಂದಾವು."

"ಇವೂ ನಂದ?"

"ಎಲ್ಲ ನಿಮ್ಮವ. ಗಂಟು ಇಷ್ಟ. ಉಳಿದ ಮೈ ಪೂರ್ತಿ ಇಂಥವ. ಆ ಮೂರು ತಪ್ಪು ನಿಮ್ಮವಲ್ಲರೀ, ಗಂಟಿನವು."

ಅತ್ತೆ ಮತ್ತೆ ಕಣ್ಣಿಟ್ಟಳು. ಅಷ್ಟು ಹೊತ್ತು ನೋಡಿದಳೆಂದರೆ 'ಅಮ್ಮಾ, ಟೈಮ್ ಆತು' ಎಂದು ಲ್ಯಾಬಿನವರು ಎರಡು ಸಲ ಹೇಳಬೇಕಾಯಿತು. ಎದ್ದವಳೇ ನನ್ನ ಮೇಲೆ ಹರಿಹಾಯ್ದಳು:

"ಲೇ, ಸಾಲು ಹಿಡಿದು ಎಷ್ಟು ಚೊಲೊ ಕುಂತಾವು ನೋಡು! ಎಡಕ್ಕ ಬಲಕ್ಕ ಕೂದಲೆಳಿ ಹೆಚ್ಚುಕಮ್ಮಿ ಇಲ್ಲ. ಅರವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡ್ಯಾವು. ನಾಕು ಪೀಸ್ ಕೆಟ್ಟಾವಂತ ಲಾಟ್‌ಗೆ ಲಾಟ್ ಚೀಲಕ್ಕ ಹಾಕಾಕ ಹೊಂಟಿದ್ನಲ್ಲ, ನನಗ ಒಬ್ಬರಾದರೂ ಹೇಳಬಾರದ?"

ಎರಡು ತಿಂಗಳು ಹೇಳಿದ್ದು ಯಾರು? ನಾನೇ! ಫೈಲು ಸಮೇತ! ಆದರೆ ನಲವತ್ತೆಂಟು ವರ್ಷದಲ್ಲಿ ಕಲಿತ ಬುದ್ಧಿ ಆ ಹೊತ್ತಿಗೆ ಕೈಬಿಡಲಿಲ್ಲ, ಸುಮ್ಮನಿದ್ದೆ.

ಚಿಕಿತ್ಸೆ ಶುರುವಾಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಮೂರು ವಾರಕ್ಕೊಮ್ಮೆ ಔಷಧಿ, ಅದರ ಜೊತೆ ಕಿವಿ ಮುಚ್ಚುವ ಸೂಜಿ. ಮೊದಲ ದಿನವೇ ವಾರ್ಡಿನ ದಿಂಬಿನ ಕವರುಗಳಲ್ಲಿ ಒಂಬತ್ತಕ್ಕೆ ಗೆರೆ ಬಿತ್ತು. ಎರಡನೆಯ ಸಲ ಪಕ್ಕದ ಹಾಸಿಗೆಯ ಹೆಂಗಸಿಗೆ, "ಅಳಬ್ಯಾಡವ್ವಾ, ನಿನ್ನ ಪೀಸ್ ನೋಡಿ ಬಾ ಮೊದಲ" ಎಂದು ಹೇಳಿ, ಲ್ಯಾಬಿನ ಮುಂದೆ ಹೆಂಗಸರ ಒಂದು ಸಾಲನ್ನೇ ನಿಲ್ಲಿಸಿದಳು. ಲ್ಯಾಬಿನವರು ನನ್ನನ್ನು ಕರೆದು, ದಯವಿಟ್ಟು ನಿಮ್ಮ ಅತ್ತೆಗೆ ಹೇಳಿ ಎಂದು ಕೈಮುಗಿದರು. ಹೇಳಲು ನನಗೇನು ಹುಚ್ಚೇ? ಕೂದಲು ಉದುರಿತು. ನಾನು ಅಳುಮುಖ ಮಾಡಿಕೊಂಡು ನಿಂತಿದ್ದರೆ, "ಎಕ್ಸ್‌ಟ್ರಾ ದಾರ ಕತ್ತರಿಸ್ಯಾರ ಬಿಡಲೇ" ಎಂದು ತಲೆ ಸವರಿಕೊಂಡಳು. ವಾಂತಿ ಮಾಡಿಕೊಂಡು ಸುಸ್ತಾದಾಗಲೂ ಬಾಯಿ ಸುಮ್ಮನಿರಲಿಲ್ಲ. ಗ್ಲೂಕೋಸ್ ಬಾಟಲಿಗೆ ಹಚ್ಚಿದ ಚೀಟಿ ಸೊಟ್ಟಗಿತ್ತು, ಪಾಪ.

ಮೊನ್ನೆ ಮೂರನೆಯ ಡೋಸ್ ಮುಗಿಯಿತು. ಡಾಕ್ಟರ್ ಮುಟ್ಟಿ ನೋಡಿದರು, ಸ್ಕ್ಯಾನ್ ನೋಡಿದರು, ಮತ್ತೊಮ್ಮೆ ಮುಟ್ಟಿ ನೋಡಿದರು. "ಅಮ್ಮಾ, ಗಂಟು ಅರ್ಧಕ್ಕಿಂತ ಸಣ್ಣದಾಗೈತ್ರೀ!" ಆ ಹುಡುಗಿಯ ದನಿ ಸಂತೋಷಕ್ಕೆ ಒಡೆದಿತ್ತು. ನಾನು ಅತ್ತೆಯ ಭಾಷಣಕ್ಕೆ ಕಾದೆ. ಅವಳು ಚಪ್ಪಲಿ ಹಾಕಿಕೊಂಡು ನನ್ನ ಹಿಂದೆ ನಡೆದುಬಂದಳು.

ಕುರುಗೋಡಿನ ಮೇಲೆ ಸಿರಿಗೇರಿಗೆ ಹೋಗುವ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬದಿಗೆ ಕೂರಿಸಿದೆ. ಊರು ದಾಟಿತು. ಹೊಲಗಳಲ್ಲಿ ಮೆಣಸಿನಕಾಯಿ ಕೆಂಪಗೆ ಹಣ್ಣಾಗಿತ್ತು. ಕೊಳಗಲ್ಲು ಬಂದು ಹೋಯಿತು.

"ಅಳಿಯಾ."

"ಹೂಂ, ಅತ್ತಿ."

"ಸಣ್ಣದಾತಂತಲ್ಲ."

"ಹೂಂ."

ಅವಳು ಮುಂದಿನ ಸೀಟಿನ ಬಿಚ್ಚಿದ ಹೊಲಿಗೆಯ ಮೇಲೆ ಬೆರಳೋಡಿಸಿದಳು, ತೀರ್ಪು ಕೊಡಲಿಲ್ಲ.

"ಹಂಗಾದ್ರ... ನಾ ಬದುಕ್ತೀನೇನೋ?"

ಚಿಕಿತ್ಸೆ ಬೇಡ ಎಂದು ಕುಳಿತ ಎರಡು ತಿಂಗಳಲ್ಲಿ ಅವಳಿಗೆ ಹೆದರಿಕೆಯೇ ಇರಲಿಲ್ಲ. ಎಲ್ಲ ಮುಗಿದಾಗಿದೆ ಎಂದುಕೊಂಡವಳಿಗೆ ಯಾತರ ಹೆದರಿಕೆ? ಈಗ ಗಂಟು ಸಣ್ಣದಾಯಿತು. ಬದುಕುವ ಆಸೆ ಒಳಗೆ ಬಂದು ಕುಳಿತಿತು, ಅದರ ಕೈಹಿಡಿದುಕೊಂಡು ಹೆದರಿಕೆಯೂ ಬಂದಿತು. ಶಸ್ತ್ರಚಿಕಿತ್ಸೆ ಇನ್ನೂ ಆಗಬೇಕು. ಸೂಜಿಗಳು ಇನ್ನೂ ಎಷ್ಟೋ ಬಾಕಿ ಇವೆ.

"ಗೊತ್ತಿಲ್ಲ ಅತ್ತಿ" ಎಂದೆ. "ಆದ್ರ ನೀ ನನಗ ಬೇಕು."

ಅವಳು ನನ್ನನ್ನು ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನನ್ನ ಹೆಗಲ ಮೇಲೆ ಒರಗಿದಳು. ಒಂದು ತಲೆ ಇಷ್ಟು ಹಗುರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. "ಊರು ಬಂದಾಗ ಎಬ್ಬಿಸು" ಎಂದವಳು ಎರಡೇ ನಿಮಿಷದಲ್ಲಿ, ಬಾಯಿ ಸ್ವಲ್ಪ ತೆರೆದುಕೊಂಡು, ಮಗುವಿನ ಹಾಗೆ ನಿದ್ದೆ ಹೋದಳು.

ಕುರುಗೋಡು ಬಂತು. ಜನ ಇಳಿದರು, ಹತ್ತಿದರು. "ಯಾರ್ರೀ ಕುರುಗೋಡು, ಇಳೀರಿ, ಇಳೀರಿ" ಎಂದು ಕಂಡಕ್ಟರ್ ಕೂಗುತ್ತ ನಮ್ಮ ಸೀಟಿನ ಹತ್ತಿರ ಬಂದ. ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿ, ಮೆಲ್ಲಗೆ ಹೇಳಿದೆ:

"ಸಿರಿಗೇರಿಗೆ ಎರಡು ಕೊಡಪಾ."